ರನ್ ಅಂದ್ರೆ ಬರೀ ಓಡೋದಲ್ಲ: ಇಂಗ್ಲಿಷಿನ ಒಂದು ಪುಟ್ಟ ಕ್ರಿಯಾಪದಾನ ಬಿಡಿಸಿ ನೋಡೋ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಕಲಿಯೋರಿಗೆ ದೊಡ್ಡ ದೊಡ್ಡ ಪದಗಳು ಅಂಥ ಕಷ್ಟ ಕೊಡಲ್ಲ, ಅವಕ್ಕೆ ಒಂದೋ ಎರಡೋ ಅರ್ಥ, ಡಿಕ್ಷನರಿ ತೆಗೆದ್ರೆ ಮುಗೀತು. ಒದ್ದಾಡಿಸೋದು ಗೆಟ್, ಸೆಟ್, ಟೇಕ್, ರನ್ ಥರದ ಪುಟಾಣಿ ಪದಗಳು. ಒಂದನೇ ಕ್ಲಾಸಲ್ಲೇ ಕಲ್ತಿರ್ತೀವಿ, ಗೊತ್ತಿದೆ ಅನ್ಕೊಂಡಿರ್ತೀವಿ, ಆಮೇಲೊಂದಿನ ಆಫೀಸಲ್ಲಿ ಯಾರೋ 'ಲೆಟ್ ಮಿ ರನ್ ದಿಸ್ ಬೈ ಯು' ಅಂದಾಗ ಯಾರು ಎಲ್ಲಿಗೆ ಓಡ್ತಿದಾರೆ ಅಂತಾನೇ ಗೊತ್ತಾಗಲ್ಲ.

ಈ ಗುಂಪಿಗೆ ರನ್ನೇ ಯಜಮಾನ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಮೊದಲ ಆವೃತ್ತಿ 1928ರಲ್ಲಿ ಪೂರ್ತಿ ಆದಾಗ ಅದರಲ್ಲಿ ಎಲ್ಲಕ್ಕಿಂತ ಉದ್ದ ಇದ್ದಿದ್ದು 'ಸೆಟ್', ಈಗಿನ ಪರಿಷ್ಕರಣೆಯಲ್ಲಿ ಆ ಜಾಗ ರನ್‌ಗೆ ಹೋಗಿದೆ, ಕ್ರಿಯಾಪದವಾಗಿ ಮಾತ್ರಾನೇ 645 ಅರ್ಥ ಕೊಟ್ಟಿದಾರೆ. ಇಷ್ಟನ್ನೂ ಬೈಹಾರ್ಟ್ ಮಾಡೋಕೆ ಹೋಗೋದು ಸುಮ್ನೆ ಟೈಮ್ ವೇಸ್ಟ್. ರನ್ ಏನು ಹೇಳ್ತಿದೆ ಅನ್ನೋದು ಮುಕ್ಕಾಲು ಪಾಲು ಅದರ ಅಕ್ಕಪಕ್ಕದಲ್ಲೇ ಕೂತಿರತ್ತೆ: ಮುಂದೆ ಯಾರಿದಾರೆ, ಹಿಂದೆ ಏನಿದೆ, ಬಾಲಕ್ಕೆ ಔಟ್ ಕಟ್ಟಿದಾರಾ ಓವರ್ ಕಟ್ಟಿದಾರಾ. ಆ ಅಕ್ಕಪಕ್ಕ ನೋಡೋ ಕ್ರಮ ರೂಢಿ ಆದ್ರೆ ಹಿಂದೆ ಯಾವತ್ತೂ ಕೇಳದ ವಾಕ್ಯಾನೂ ಬಿಡಿಸ್ಕೋಬಹುದು. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪೀಲೇ ಹಾಕಿದೀನಿ, ಜೋರಾಗಿ ಓದ್ಕೊಂಡು ನೋಡಿ, ಬೇಗ ಹತ್ತತ್ತೆ.

ಹೆಜ್ಜೆ 1: ತಲೇಲಿರೋ ಚಿತ್ರ ಬದಲಾಯಿಸಿ

ರನ್ ಅಂದ ತಕ್ಷಣ ಕಾಲು ಎತ್ತಿ ಓಡ್ತಿರೋ ಮನುಷ್ಯ ಕಣ್ಮುಂದೆ ಬಂದ್ರೆ ಅಲ್ಲೇ ಎಡವಟ್ಟು ಶುರು. ಈ ಪದಕ್ಕೆ ಹಳೇ ಕಾಲದಿಂದಲೂ ಎರಡು ಮುಖ ಇದೆ, ಕಾಲಲ್ಲಿ ಓಡೋದು ಮತ್ತು ನೀರಿನ ಹಾಗೆ ಹರಿಯೋದು. ಇದರ ನೆಂಟ ಭಾಷೆ ಜರ್ಮನ್‌ನಲ್ಲಿ ಇವತ್ತಿಗೂ ಎರಡು ಬೇರೆ ಬೇರೆ ಪದ ಇವೆ, 'ರೆನ್ನೆನ್' ಅಂದ್ರೆ ಓಡು, 'ರಿನ್ನೆನ್' ಅಂದ್ರೆ ಹರಿ ಅಥವಾ ಸೋರು, ಇಂಗ್ಲಿಷಲ್ಲಿ ಮಾತ್ರ ಎರಡೂ ಸೇರಿ ಒಂದೇ ರನ್ ಆಗ್ಬಿಟ್ಟಿದೆ. ಹಾಗಾಗಿ 'ದ ರಿವರ್ ರನ್ಸ್' ಅನ್ನೋದು ಕವಿ ಮಾಡಿದ ಅಲಂಕಾರ ಏನಲ್ಲ, ಅದೂ ನೇರ ಅರ್ಥಾನೇ.

ನಿಮ್ಮ ತಲೇಲಿ ಇಟ್ಕೋಬೇಕಾದ ಚಿತ್ರ ಇಷ್ಟು: ಒಂದು ದಾರಿ ಇದೆ, ಅದರ ಮೇಲೆ ಏನೋ ನಿಲ್ಲದೆ ಸಾಗ್ತಿದೆ. ಸಾಗ್ತಿರೋದು ಮನುಷ್ಯ ಆಗಿರಬಹುದು, ನೀರು, ಕರೆಂಟು, ಬಸ್ಸು, ದಿನ, ಸುದ್ದಿ ಏನು ಬೇಕಾದ್ರೂ ಆಗಿರಬಹುದು. ಕೆಲವು ಸಲ ಏನೂ ಸಾಗ್ತಾನೇ ಇರಲ್ಲ, ದಾರಿ ಮಾತ್ರ ಇರತ್ತೆ. 'ದ ವೆಸ್ಟರ್ನ್ ಘಾಟ್ಸ್ ರನ್ ಪ್ಯಾರಲಲ್ ಟು ದ ಕೋಸ್ಟ್' ಅಂತಾರೆ, ಸುಮಾರು 1,600 ಕಿಲೋಮೀಟರ್ ಉದ್ದದ ಬೆಟ್ಟದ ಸಾಲು ಎಲ್ಲಿಗೂ ಓಡ್ತಿಲ್ಲ, ನೋಡೋರ ಕಣ್ಣು ಅದರ ಜೊತೆ ಓಡತ್ತೆ ಅಷ್ಟೆ. ನಾವೂ 'ಈ ರಸ್ತೆ ಕೆರೆ ಏರಿ ಮೇಲೆ ಹೋಗತ್ತೆ' ಅಂತೀವಲ್ಲ, ರಸ್ತೆ ಹೋಗತ್ತಾ?

ಹೆಜ್ಜೆ 2: ಮುಂದೆ ಇರೋದು ಯಾರು

ವಾಕ್ಯ ಸಿಕ್ಕಿದ ಕೂಡ್ಲೆ ಕರ್ತೃ ಯಾರು ನೋಡಿ. ಕಾಲಿರೋ ಪ್ರಾಣಿ ಆದ್ರೆ ಮೊದ್ಲು ನೇರ ಅರ್ಥ ಟ್ರೈ ಮಾಡಿ: 'ದ ಡಾಗ್ ರ‍್ಯಾನ್ ಅಕ್ರಾಸ್ ದ ರೋಡ್', ನಾಯಿ ರಸ್ತೆ ದಾಟಿ ಓಡ್ತು, ಕಥೆ ಮುಗೀತು.

ದ್ರವ ಆದ್ರೆ ಕನ್ನಡದಲ್ಲಿ 'ಓಡು' ಬಿಟ್ಟು ಬೇರೆ ಪದಕ್ಕೆ ಕೈ ಹಾಕಬೇಕು, ಇಲ್ಲಿ ನಮ್ಮ ಭಾಷೆ ಇಂಗ್ಲಿಷ್‌ಗಿಂತ ಶ್ರೀಮಂತ ಅಂತ ನನಗನ್ಸತ್ತೆ. ನದಿ ಹರಿಯತ್ತೆ, ನಲ್ಲಿಯಲ್ಲಿ ನೀರು ಬರ್ತಿರತ್ತೆ, ನೆಗಡಿ ಆದ್ರೆ ಮೂಗು ಸೋರತ್ತೆ, ಹೊಸ ಸೀರೆ ನೆನೆಸಿದ್ರೆ ಬಣ್ಣ ಬಿಡತ್ತೆ, ಕಣ್ಣೀರು ಕೆನ್ನೆ ಮೇಲೆ ಇಳಿಯತ್ತೆ. ಇಂಗ್ಲಿಷಿಗೆ ಈ ಐದಕ್ಕೂ ರನ್ನೇ ಗತಿ. 'ದ ಕಲರ್ಸ್ ರ‍್ಯಾನ್' ಅಂತ ಬಟ್ಟೆ ಒಗೆಯೋ ವಿಷ್ಯದಲ್ಲಿ ಬಂದ್ರೆ ಬಣ್ಣ ಬಿಡ್ತು ಅಂತ, 'ಡೋಂಟ್ ಲೀವ್ ದ ಟ್ಯಾಪ್ ರನ್ನಿಂಗ್' ಅಂದ್ರೆ ನಲ್ಲಿ ತೆರೆದು ಬಿಡಬೇಡ ಅಂತ.

ಯಂತ್ರ, ವ್ಯವಸ್ಥೆ ಆದ್ರೆ 'ಕೆಲಸ ಮಾಡ್ತಿದೆ, ಚಾಲೂ ಇದೆ'. ಪಂಪ್‌ಸೆಟ್ ರನ್ ಆಗತ್ತೆ, ಫ್ರಿಜ್ ರನ್ ಆಗತ್ತೆ, ಸಾಫ್ಟ್‌ವೇರ್ ರನ್ ಆಗತ್ತೆ. ಬಸ್ಸು ರೈಲಿನ ಜೊತೆ ಬಂದಾಗ ಸ್ವಲ್ಪ ನಿಧಾನ ಮಾಡಿ, 'ದ ಬಸ್ ರನ್ಸ್ ಎವ್ರಿ ಹಾಫ್ ಆನ್ ಅವರ್' ಅನ್ನೋದು ಬಸ್ಸಿನ ಸ್ಪೀಡ್ ಬಗ್ಗೆ ಅಲ್ಲ, ಅರ್ಧ ಗಂಟೆಗೊಂದು ಬಸ್ ಇದೆ ಅನ್ನೋ ಟೈಮ್‌ಟೇಬಲ್ ಮಾತು.

ಅವಧಿ ಇರೋ ವಸ್ತು ಬಂದ್ರೆ 'ಜಾರಿಯಲ್ಲಿರೋದು, ನಡೆಯೋದು': 'ದ ಲೀಸ್ ರನ್ಸ್ ಟಿಲ್ ಮಾರ್ಚ್', 'ದ ಪ್ಲೇ ರ‍್ಯಾನ್ ಫಾರ್ ಸಿಕ್ಸ್ ಮಂತ್ಸ್'. ಈ ಎರಡನೇದು ನಮಗೆ ಹೊಸದೇನಲ್ಲ, ಸಿನಿಮಾ ನೂರು ದಿನ ಓಡ್ತು ಅಂತ ನಾವೇ ಹೇಳ್ತೀವಿ.

ಹೆಜ್ಜೆ 3: 'ಇಸು' ಟೆಸ್ಟ್

ಇದು ಕನ್ನಡ ಬಲ್ಲವರಿಗೆ ಪುಕ್ಕಟೆ ಸಿಕ್ಕಿರೋ ಅಸ್ತ್ರ, ಉಪಯೋಗಿಸ್ಕೊಳ್ಳಿ. ಓಡು-ಓಡಿಸು, ಹರಿ-ಹರಿಸು, ನಡೆ-ನಡೆಸು, ಹಾಯು-ಹಾಯಿಸು, ತಾನೇ ಆಗೋದಕ್ಕೊಂದು ರೂಪ, ಬೇರೆಯವರು ಮಾಡಿಸೋದಕ್ಕೆ ಇನ್ನೊಂದು. ಇಂಗ್ಲಿಷಲ್ಲಿ ರನ್‌ಗೆ ಈ ಪ್ರತ್ಯಯ ಇಲ್ಲ, ಅದೇ ರನ್ ಎರಡೂ ಕೆಲಸ ಮಾಡತ್ತೆ. ಗೊತ್ತಾಗೋದು ಹೇಗೆ ಅಂದ್ರೆ ರನ್ ಆದ್ಮೇಲೆ ನೇರವಾಗಿ ಒಂದು ಕರ್ಮಪದ ಬಂದಿದ್ಯಾ ನೋಡಿ. ಬಂದಿದ್ರೆ ಮನಸ್ಸಲ್ಲೇ 'ಇಸು' ಸೇರಿಸಿ.

'ಶೀ ರನ್ಸ್ ಎ ಹೋಟೆಲ್': ಹೋಟೆಲ್ ನಡೆಸ್ತಾಳೆ. 'ರನ್ ದ ವಾಟರ್ ಫಾರ್ ಎ ಮಿನಿಟ್': ಒಂದ್ನಿಮಿಷ ನೀರು ಹರಿಸು. 'ಹೀ ರ‍್ಯಾನ್ ಹಿಸ್ ಐಸ್ ಓವರ್ ದ ಲೆಟರ್': ಕಾಗದದ ಮೇಲೆ ಕಣ್ಣು ಹಾಯಿಸಿದ. 'ರನ್ ದ ಟೆಸ್ಟ್ಸ್ ಅಗೇನ್' ಅಂತ ಟೀಮ್ ಲೀಡ್ ಹೇಳಿದ್ರೆ ಟೆಸ್ಟ್‌ಗಳನ್ನ ಇನ್ನೊಂದ್ಸಲ ನಡೆಸಿ, ಆಫೀಸ್ ಕನ್ನಡದಲ್ಲಿ 'ರನ್ ಮಾಡಿ'. ಗಮನಿಸಿ, ಇಂಗ್ಲಿಷಿನವರು ಅಂಗಡಿ, ಕಂಪನಿ, ಮನೆ, ದೇಶ ಎಲ್ಲವನ್ನೂ ಓಡಿಸ್ತಾರೆ, ನಾವು ನಡೆಸ್ತೀವಿ. ಸಂಸಾರ ನಡೆಸೋದು, ಅಂಗಡಿ ನಡೆಸೋದು, ಸರ್ಕಾರ ನಡೆಸೋದು.

ಟೆಸ್ಟ್ ಫೇಲ್ ಆಗೋ ಜಾಗಾನೂ ಇವೆ. 'ಶೀ ಈಸ್ ರನ್ನಿಂಗ್ ಎ ಟೆಂಪರೇಚರ್' ಅಂದ್ರೆ ಅವಳು ಯಾವ ಟೆಂಪರೇಚರನ್ನೂ ಓಡಿಸ್ತಿಲ್ಲ, ಅವಳಿಗೆ ಜ್ವರ ಇದೆ. 'ರನ್ ಎ ರಿಸ್ಕ್' ಅಂದ್ರೆ ಅಪಾಯ ಮೈಮೇಲೆ ಎಳ್ಕೊಳ್ಳೋದು. 'ರನ್ ಎರಂಡ್ಸ್' ಅಂದ್ರೆ ಅಂಗಡಿ, ಬ್ಯಾಂಕು, ಪೋಸ್ಟಾಫೀಸು ಅಂತ ಹೊರಗಿನ ಚಿಲ್ಲರೆ ಕೆಲಸ ಮುಗಿಸ್ಕೊಂಡು ಬರೋದು. ಈ ಮೂರನ್ನ ನೋಟ್‌ಬುಕ್ಕಲ್ಲಿ ಬೇರೇನೇ ಬರ್ಕೊಳ್ಳಿ.

ಹೆಜ್ಜೆ 4: ಬಾಲ ನೋಡಿ

ನಿಜವಾದ ಸರ್ಕಸ್ ಇಲ್ಲಿದೆ. ಔಟ್, ಓವರ್, ಅಪ್, ಡೌನ್, ಇಂಟು, ಥ್ರೂ ಇವು ಅಂಟ್ಕೊಂಡ್ರೆ ಅರ್ಥ ಪೂರ್ತಿ ತಿರುಗತ್ತೆ, ಆದರೆ ಯಾವಾಗ್ಲೂ ತಿರುಗಲ್ಲ, ಅದೇ ತಲೆನೋವು.

'ಔಟ್' ತಗೊಳ್ಳಿ. 'ವಿ ರ‍್ಯಾನ್ ಔಟ್ ಆಫ್ ಪೆಟ್ರೋಲ್' ಮತ್ತು 'ವಿ ರ‍್ಯಾನ್ ಔಟ್ ಆಫ್ ದ ಪೆಟ್ರೋಲ್ ಬಂಕ್'. ಮೊದಲನೇದ್ರಲ್ಲಿ ಗಾಡಿ ನಿಂತಿದೆ, ಪೆಟ್ರೋಲ್ ಖಾಲಿ. ಎರಡನೇದ್ರಲ್ಲಿ ಜನ ಬಂಕಿಂದ ಹೊರಗೆ ಓಡಿ ಬಂದಿದಾರೆ, ಬೆಂಕಿಗಿಂಕಿ ಬಿದ್ದಿರಬೇಕು. ವ್ಯತ್ಯಾಸ ಏನು ಅಂದ್ರೆ 'ಆಫ್' ಆದ್ಮೇಲೆ ಬಂದಿರೋದು ಖರ್ಚಾಗೋ ಸಾಮಾನಾ ಇಲ್ಲ ಜಾಗಾನಾ ಅನ್ನೋದು. ಸಕ್ಕರೆ, ದುಡ್ಡು, ಟೈಮ್, ತಾಳ್ಮೆ, ಐಡಿಯಾ ಇವೆಲ್ಲ ಖರ್ಚಾಗೋವು, ಇವು ಬಂದ್ರೆ 'ಮುಗಿದುಹೋಯ್ತು'. ಮನೆ, ರೂಮು, ಕ್ಲಾಸು ಬಂದ್ರೆ ಕಾಲಲ್ಲೇ ಓಡಿದ್ದು.

ಇನ್ನೊಂದು ಸೂಕ್ಷ್ಮ ಇದೆ. ವಸ್ತು ಮುಂದೆ ಬಂದ್ರೆ 'ಆಫ್' ಬೇಡ: 'ದ ಶುಗರ್ ರ‍್ಯಾನ್ ಔಟ್'. ಮನುಷ್ಯ ಮುಂದೆ ಬಂದ್ರೆ 'ಆಫ್' ಬೇಕೇ ಬೇಕು: 'ಐ ರ‍್ಯಾನ್ ಔಟ್ ಆಫ್ ಶುಗರ್'. ಕನ್ನಡದಲ್ಲಿ 'ಸಕ್ಕರೆ ಮುಗೀತು' ಅಂತ ಒಂದೇ ಥರ ಹೇಳೋದ್ರಿಂದ ನಮ್ಮವರು ಇಲ್ಲಿ ಜಾಸ್ತಿ ತಪ್ತಾರೆ. 'ಮೈ ವೀಸಾ ರ‍್ಯಾನ್ ಔಟ್' ಅಂದ್ರೆ ವೀಸಾ ಅವಧಿ ಮುಗೀತು. 'ಹೀ ರ‍್ಯಾನ್ ಔಟ್ ಆನ್ ಹಿಸ್ ಫ್ಯಾಮಿಲಿ' ಅಂದ್ರೆ ಹೆಂಡ್ತಿ ಮಕ್ಕಳನ್ನ ನಡುನೀರಲ್ಲಿ ಕೈಬಿಟ್ಟು ಹೋದ, ಒಂದು 'ಆನ್' ಸೇರಿದ್ದಕ್ಕೆ ಎಂಥಾ ಅನಾಹುತ ನೋಡಿ.

'ಅಪ್' ವಿಷ್ಯಕ್ಕೆ ಒಂದು ಗಟ್ಟಿ ಪರೀಕ್ಷೆ ಇದೆ, ವ್ಯಾಕರಣದ ಮೇಷ್ಟ್ರುಗಳಿಗೆಲ್ಲ ಪ್ರಿಯವಾದದ್ದು. 'ಹೀ ರ‍್ಯಾನ್ ಅಪ್ ಎ ಬಿಗ್ ಹಿಲ್' ಮತ್ತು 'ಹೀ ರ‍್ಯಾನ್ ಅಪ್ ಎ ಬಿಗ್ ಬಿಲ್'. ಕಿವಿಗೆ ಒಂದೇ ಥರ ಇದೆ. ಈಗ 'ಅಪ್'ನ ಕೊನೆಗೆ ತಳ್ಳಿ ನೋಡಿ: 'ಹೀ ರ‍್ಯಾನ್ ಎ ಬಿಗ್ ಬಿಲ್ ಅಪ್' ಸರಿ ಹೋಗತ್ತೆ, 'ಹೀ ರ‍್ಯಾನ್ ಎ ಬಿಗ್ ಹಿಲ್ ಅಪ್' ಅಂದ್ರೆ ಯಾರೂ ಒಪ್ಪಲ್ಲ. ಬಾಲ ಜರುಗಿದ್ರೆ ಅದು ರನ್ ಜೊತೆ ಸೇರಿ ಒಂದೇ ಕ್ರಿಯಾಪದ ಆಗಿದೆ ಅಂತ, ಅರ್ಥ ಹೊಸದು: ಬಿಲ್ ಬೆಳೆಸಿದ. ಜರುಗದೇ ಹೋದ್ರೆ ಅದು ಮುಂದಿನ ಪದಕ್ಕೆ ಸೇರಿದ್ದು, ಸಾಮಾನ್ಯವಾಗಿ ನೇರ ಅರ್ಥ: ಗುಡ್ಡ ಹತ್ತಿ ಓಡಿದ.

ಇದೇ ಟೆಸ್ಟ್ 'ಓವರ್'ಗೂ ನಡೆಯತ್ತೆ. 'ದ ಲಾರಿ ರ‍್ಯಾನ್ ಹಿಮ್ ಓವರ್', ಲಾರಿ ಅವನ ಮೇಲೆ ಹರೀತು. (ನಮ್ಮ ಪೇಪರ್‌ಗಳಲ್ಲೂ 'ಹರಿದು ಸಾವು' ಅಂತಾನೇ ಬರೋದು, ನೀರಿನ ಕ್ರಿಯಾಪದ ನಮ್ಮಲ್ಲೂ ಲಾರಿಗೆ ಬಂದಿದೆ.) 'ಶೀ ರ‍್ಯಾನ್ ಓವರ್ ದ ಬ್ರಿಜ್' ಅನ್ನೋದನ್ನ ಹೀಗೆ ತಿರುಗಿಸೋಕಾಗಲ್ಲ, ಅವಳು ಸೇತುವೆ ಮೇಲೆ ಓಡಿದ್ದು. 'ಓವರ್ ಟು' ಬಂದ್ರೆ ಹೆದರಬೇಡಿ, 'ಹೀ ರ‍್ಯಾನ್ ಓವರ್ ಟು ಹರ್' ಅಂದ್ರೆ ಅವಳ ಹತ್ರ ಓಡಿ ಹೋದ ಅಷ್ಟೆ, ಆಂಬುಲೆನ್ಸ್ ಬೇಕಾಗಿಲ್ಲ. ಮೀಟಿಂಗ್ 'ರ‍್ಯಾನ್ ಓವರ್' ಆದ್ರೆ ಹೇಳಿದ ಟೈಮ್ ಮೀರಿ ಎಳೀತು ಅಂತ.

ಉಳಿದ ಬಾಲಗಳನ್ನ ಬೇಗ ಬೇಗ ನೋಡ್ಬಿಡೋಣ. ಇಂಟು: ಗೋಡೆ ಬಂದ್ರೆ ಡಿಕ್ಕಿ, ಫ್ರೆಂಡ್ ಬಂದ್ರೆ ಅಚಾನಕ್ಕಾಗಿ ಸಿಕ್ಕಿದ, ಪ್ರಾಬ್ಲಮ್ ಬಂದ್ರೆ ತೊಂದ್ರೆ ಎದುರಾಯ್ತು, ಲಕ್ಷ ಕೋಟಿ ಬಂದ್ರೆ ಖರ್ಚು ಅಲ್ಲಿಗಂಟ ಮುಟ್ಟತ್ತೆ. ಡೌನ್: ಮೆಟ್ಟಿಲು ಆದ್ರೆ ಇಳಿದು ಓಡು, ಬ್ಯಾಟರಿ ಆದ್ರೆ ಚಾರ್ಜ್ ಇಳಿಯೋದು, ಮನುಷ್ಯರನ್ನ 'ರನ್ ಡೌನ್' ಮಾಡೋದು ಅಂದ್ರೆ ಹೀಗಳೆಯೋದು ಇಲ್ಲಾ ಗಾಡಿ ಗುದ್ದಿಸೋದು, 'ಐ ಫೀಲ್ ರನ್ ಡೌನ್' ಅಂದ್ರೆ ಮೈಯಲ್ಲಿ ತ್ರಾಣ ಇಲ್ಲ. ಥ್ರೂ: ಪಾರ್ಕ್ ಮೂಲಕ ಓಡೋದೂ ಹೌದು, ಸ್ಲೈಡ್‌ಗಳನ್ನ ಒಂದು ರೌಂಡ್ ನೋಡ್ಕೊಳ್ಳೋದೂ ಹೌದು. ಇನ್ನು 'ರನ್ ದಿಸ್ ಬೈ ಯು' ಅಂದ್ರೆ ಈ ವಿಷ್ಯ ಒಂದ್ಸಲ ನಿಮ್ಮ ಕಿವಿಗೆ ಹಾಕ್ತೀನಿ, ಏನನ್ಸತ್ತೆ ಹೇಳಿ ಅಂತ.

ಹೆಜ್ಜೆ 5: ಪಕ್ಕದಲ್ಲಿ ಗುಣವಾಚಕ ಇದ್ರೆ ರನ್ ಅಂದ್ರೆ 'ಆಗು'

'ದ ವೆಲ್ ರ‍್ಯಾನ್ ಡ್ರೈ', ಬಾವಿ ಬತ್ತಿಹೋಯ್ತು. 'ವಿ ಆರ್ ರನ್ನಿಂಗ್ ಲೋ ಆನ್ ಗ್ಯಾಸ್', ಸಿಲಿಂಡರ್ ಮುಗಿಯೋಕೆ ಬಂದಿದೆ. 'ಐಯಾಮ್ ರನ್ನಿಂಗ್ ಲೇಟ್', ಲೇಟಾಗ್ತಿದೆ. 'ಮೈ ಬ್ಲಡ್ ರ‍್ಯಾನ್ ಕೋಲ್ಡ್', ಎದೆ ಝಲ್ ಅಂತು. ಇಲ್ಲಿ ಓಟ ಹುಡುಕೋಕೆ ಹೋಗ್ಲೇಬೇಡಿ, ರನ್ ತೆಗೆದು 'ಆಗು' ಇಟ್ಟು ಅರ್ಥ ಹಿಡೀರಿ, ಆಮೇಲೆ ಕನ್ನಡಕ್ಕೆ ಒಗ್ಗೋ ಪದ ಹಾಕಿ. 'ರನ್ನಿಂಗ್ ಲೇಟ್' ಅಂತ ಮೆಸೇಜ್ ಹಾಕಿದೋರು ಇನ್ನೂ ಹಾಸಿಗೇಲೇ ಇರಬಹುದು, ಅದು ಬೇರೆ ವಿಷ್ಯ.

ಇದೇ ಜಾತಿಗೆ ಸೇರಿದ್ದು 'ಸ್ಟಿಲ್ ವಾಟರ್ಸ್ ರನ್ ಡೀಪ್' ಅನ್ನೋ ಗಾದೆ, ಸದ್ದಿಲ್ಲದ ನೀರಿಗೆ ಆಳ ಜಾಸ್ತಿ. ನಮ್ಮ 'ತುಂಬಿದ ಕೊಡ ತುಳುಕೋದಿಲ್ಲ' ಹತ್ತಿರ ಬರತ್ತೆ, ಆದರೆ ಪೂರ್ತಿ ಅದೇ ಅಲ್ಲ. ನಮ್ಮದ್ರಲ್ಲಿ ಹೊಗಳಿಕೆ ಮಾತ್ರ ಇದೆ, ಇಂಗ್ಲಿಷಿನದ್ರಲ್ಲಿ 'ಹುಷಾರು, ಒಳಗೆ ಏನಿದ್ಯೋ' ಅನ್ನೋ ಅನುಮಾನಾನೂ ಇರಬಹುದು.

ಹೆಜ್ಜೆ 6: ರನ್ ನಾಮಪದ ಆಗಿ ಕೂತಿದ್ಯಾ ನೋಡಿ

ಕ್ರಿಕೆಟ್ ನೋಡೋ ಊರಲ್ಲಿ ಇದನ್ನ ವಿವರಿಸೋದು ಸುಲಭ. ಬ್ಯಾಟರ್‌ಗಳಿಬ್ರು ಈ ಕಡೆಯಿಂದ ಆ ಕಡೆ ಓಡಿದ್ರೆ ಒಂದು ರನ್, ಶುದ್ಧ ನೇರ ಅರ್ಥ. ಚೆಂಡು ಬೌಂಡರಿ ದಾಟಿದ್ರೆ ನಾಲ್ಕು ರನ್, ಅಲ್ಲಿ ಯಾರೂ ನಾಲ್ಕು ಸಲ ಓಡಿಲ್ಲ. ಸಿಕ್ಸ್ ಹೊಡೆದ್ರೆ ಕ್ರೀಸಲ್ಲೇ ನಿಂತ್ಕೊಂಡು ಆರು. ವೈಡ್ ಹಾಕಿದ್ರೆ ಬ್ಯಾಟ್ ಅಲ್ಲಾಡಿಸದೇ ಒಂದು. ಓಟಕ್ಕಿದ್ದ ಹೆಸರು ಲೆಕ್ಕಕ್ಕೆ ಬಂದ್ಬಿಟ್ಟಿದೆ. 18ನೇ ಶತಮಾನದ ಇಂಗ್ಲೆಂಡಲ್ಲಿ ಸ್ಕೋರ್ ಬರೆಯೋರು ಕೋಲಿನ ಮೇಲೆ ಗೀರು ಕೆತ್ತುತಿದ್ರು, ಆಗ ರನ್‌ಗೆ 'ನಾಚ್' ಅಂದ್ರೆ ಗೀರು ಅನ್ನೋ ಹೆಸರೂ ಇತ್ತು. ಬೌಲರ್ ಓಡಿ ಬರೋ 'ರನ್ ಅಪ್' ಕೂಡ ಹೀಗೇ ಮೈದಾನ ಬಿಟ್ಟು ಆಚೆ ಬಂದಿದೆ, 'ಇನ್ ದ ರನ್ ಅಪ್ ಟು ದ ಎಲೆಕ್ಷನ್ಸ್' ಅಂದ್ರೆ ಚುನಾವಣೆಗೆ ಮುಂಚಿನ ದಿನಗಳಲ್ಲಿ.

ಬ್ಯಾಂಕ್ ವಿಷ್ಯ ಬಂದಾಗ 'ಎ ರನ್ ಆನ್ ದ ಬ್ಯಾಂಕ್' ಅಂತ ಕೇಳಿರ್ತೀರಿ, ಬ್ಯಾಂಕ್ ಮುಳುಗತ್ತೆ ಅನ್ನೋ ಭಯಕ್ಕೆ ಎಲ್ಲರೂ ಒಟ್ಟಿಗೆ ದುಡ್ಡು ವಾಪಸ್ ತೆಗೆಯೋದು. 2007ರ ಸೆಪ್ಟೆಂಬರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಮುಂದೆ ಜನ ಉದ್ದಕ್ಕೆ ಕ್ಯೂ ನಿಂತಿದ್ರು, ಅಂದ್ರೆ ರನ್ ಅಂತ ಹೆಸರು, ಮಾಡಿದ್ದು ನಿಂತ್ಕೊಂಡಿದ್ದು. 2023ರ ಮಾರ್ಚ್ 9ಕ್ಕೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿಂದ ಒಂದೇ ದಿನಕ್ಕೆ 42 ಬಿಲಿಯನ್ ಡಾಲರ್ ತೆಗೆಯೋಕೆ ಗ್ರಾಹಕರು ಮುಗಿಬಿದ್ರು, ಬಹಳಷ್ಟು ಜನ ಕೂತಲ್ಲಿಂದಲೇ, ಆನ್‌ಲೈನಲ್ಲೇ. ಇಂಗ್ಲಿಷಲ್ಲಿ ಅದಕ್ಕೂ ರನ್ ಅಂತಾನೇ ಹೆಸರು.

'ಇನ್ ದ ಲಾಂಗ್ ರನ್' ಅಂದ್ರೆ ಕಾಲ ಕಳೆದ ಹಾಗೆ, ಕೊನೆಗೆ. 'ಆನ್ ದ ರನ್' ಅಂದ್ರೆ ಪೊಲೀಸರಿಗೆ ಸಿಗದೆ ತಲೆ ಮರೆಸ್ಕೊಂಡು ತಿರುಗೋದು.

ಹೆಜ್ಜೆ 7: ಯಾವ ದೇಶದ ಇಂಗ್ಲಿಷ್

ಅಮೆರಿಕದಲ್ಲಿ ಎಲೆಕ್ಷನ್‌ಗೆ 'ರನ್' ಆಗ್ತಾರೆ, ಬ್ರಿಟನ್ನಲ್ಲಿ 'ಸ್ಟ್ಯಾಂಡ್', ಅಂದ್ರೆ ಒಬ್ರು ಓಡ್ತಾರೆ ಇನ್ನೊಬ್ರು ನಿಲ್ತಾರೆ, ಕೆಲಸ ಒಂದೇ. ಕನ್ನಡದಲ್ಲೂ ಚುನಾವಣೆಗೆ ನಿಲ್ಲೋದೇ, ಹಾಗಾಗಿ ಬ್ರಿಟಿಷರದ್ದು ನಮಗೆ ಬೇಗ ಹತ್ತತ್ತೆ, ನಮ್ಮ ಇಂಗ್ಲಿಷ್ ಪೇಪರ್‌ಗಳಲ್ಲಿ ಹೆಚ್ಚಾಗಿ 'ಕಂಟೆಸ್ಟ್'. ಕೆಂಪು ಸಿಗ್ನಲ್ ದಾಟಿ ಹೋಗೋದಕ್ಕೆ ಅಮೆರಿಕದವರು 'ರನ್ ಎ ರೆಡ್ ಲೈಟ್' ಅಂತಾರೆ, ಬೆಂಗಳೂರಲ್ಲಿ ಸಿಗ್ನಲ್ ಜಂಪ್. ಫೈನ್ ಎರಡಕ್ಕೂ ಬೀಳತ್ತೆ.

ಹೆಜ್ಜೆ 8: ಬಿಡಿಸೋಕಾಗದ ನಾಲ್ಕಾರು ನುಡಿಗಟ್ಟು

ಇವನ್ನ ಹಾಗೇ ನೆನಪಿಟ್ಕೋಬೇಕು, ಬೇರೆ ದಾರಿ ಇಲ್ಲ. 'ರನ್ ಅಮಾಕ್', ಹುಚ್ಚೆದ್ದು ಹಾವಳಿ ಮಾಡೋದು, ಆ ಅಮಾಕ್ ಮಲಯ್ ಭಾಷೆಯಿಂದ ಬಂದದ್ದು. 'ರನ್ ದ ಗಾಂಟ್ಲೆಟ್', ಎರಡೂ ಕಡೆಯಿಂದ ಏಟು, ಟೀಕೆ ತಿಂತಾ ಸಾಗೋದು, ಹಿಂದೆ ಸೈನಿಕರಿಗೆ ನಿಜವಾಗ್ಲೂ ಕೊಡ್ತಿದ್ದ ಶಿಕ್ಷೆ, ಎರಡು ಸಾಲಾಗಿ ನಿಂತೋರು ಹೊಡೀತಿದ್ರು, ಮಧ್ಯ ತಪ್ಪಿತಸ್ಥ ಹಾದು ಹೋಗಬೇಕಿತ್ತು. ಕೈಗವಸಿಗೂ ಗಾಂಟ್ಲೆಟ್ ಅಂತಾರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಸ್ವೀಡಿಶ್ ಪದ ಕೆಟ್ಟು ಹೀಗಾಗಿದ್ದು. 'ರನ್ ಆಫ್ ದ ಮಿಲ್', ವಿಶೇಷ ಏನಿಲ್ಲದ ಮಾಮೂಲಿ, ಮಿಲ್ಲಿಂದ ಬಂದ ಹಾಗೇ ಗ್ರೇಡ್ ಮಾಡದ ಸರಕಿಗೆ ಹೇಳ್ತಿದ್ದ ಮಾತು. 'ಇಟ್ ರನ್ಸ್ ಇನ್ ದ ಫ್ಯಾಮಿಲಿ', ವಂಶದಲ್ಲೇ ಬಂದಿದೆ, ಶುಗರ್ ಕಾಯಿಲೆಗೂ ಹೇಳಬಹುದು, ಸಂಗೀತಕ್ಕೂ ಹೇಳಬಹುದು.

ಹೆಜ್ಜೆ 9: ಕನ್ನಡದಿಂದ ಆ ಕಡೆ ಹೋಗುವಾಗ

ಇಷ್ಟೊತ್ತು ಇಂಗ್ಲಿಷಿಂದ ಕನ್ನಡಕ್ಕೆ ಬಂದ್ವಿ. ವಾಪಸ್ ಹೋಗುವಾಗ ಗುಂಡಿಗಳು ಬೇರೆ. ನಮ್ಮ 'ಓಡು' ಕೂಡ ಸುಮ್ನಿರೋ ಪದ ಅಲ್ಲ. 'ತಲೆ ಓಡ್ತಿಲ್ಲ'ನ 'ಮೈ ಹೆಡ್ ಈಸ್ ನಾಟ್ ರನ್ನಿಂಗ್' ಅಂದ್ರೆ ಎದುರಿಗಿರೋರು ನಿಮ್ಮ ಮುಖಾನೇ ನೋಡ್ತಾರೆ, 'ಐ ಕಾಂಟ್ ಥಿಂಕ್' ಸಾಕು. 'ಕಾರ್ ಓಡಿಸ್ತೀಯಾ' ಅಂದ್ರೆ 'ಡ್ರೈವ್', ಬೈಕಾದ್ರೆ 'ರೈಡ್'. 'ರನ್ ಎ ಕಾರ್' ಅನ್ನೋದು ಇದೆ, ಆದರೆ ಅದು ಕಾರ್ ಸಾಕೋ ಖರ್ಚಿನ ಮಾತು, ಪೆಟ್ರೋಲು, ಸರ್ವಿಸು, ಇನ್ಶೂರೆನ್ಸು. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ನಾವು ಕೇಳೋ 'ಎಷ್ಟು ಕಿಲೋಮೀಟರ್ ಓಡಿದೆ' ಇಲ್ಲಿ ರನ್ ಅಂದ್ರೆ ಎಲ್ಲರಿಗೂ ಅರ್ಥ ಆಗತ್ತೆ, ಇಂಗ್ಲೆಂಡಲ್ಲಾದ್ರೆ 'ಹೌ ಮೆನಿ ಮೈಲ್ಸ್ ಹ್ಯಾಸ್ ಇಟ್ ಡನ್' ಅಂತ ಕೇಳಬೇಕು. 'ದಿನ ಓಡಿದ್ದೇ ಗೊತ್ತಾಗ್ಲಿಲ್ಲ' ಅನ್ನೋದಕ್ಕೆ ಅವರು ಹಾರಿಸ್ತಾರೆ, 'ಟೈಮ್ ಫ್ಲೂ'. ಇನ್ನು ಸ್ಕೂಲಲ್ಲಿ ನಾವೆಲ್ಲ ಗೆದ್ದ, ಸೋತ 'ರನ್ನಿಂಗ್ ರೇಸ್' ಇದ್ಯಲ್ಲ, ಆಚೆ ದೇಶದಲ್ಲಿ ಬರೀ 'ರೇಸ್', ನಾನಂತೂ ರನ್ನಿಂಗ್ ರೇಸ್ ಬಿಡೋಕೆ ತಯಾರಿಲ್ಲ.

ರೂಪದ ಬಗ್ಗೆ ಒಂದೇ ಮಾತು: ರನ್, ರ‍್ಯಾನ್, ರನ್. ಹ್ಯಾವ್, ಹ್ಯಾಸ್, ಹ್ಯಾಡ್ ಜೊತೆ ಮೂರನೇ ರೂಪ, 'ಹ್ಯಾವ್ ರನ್'. 'ಹ್ಯಾವ್ ರ‍್ಯಾನ್' ತಪ್ಪು, ಎಷ್ಟು ದೊಡ್ಡೋರು ಹೇಳಿದ್ರೂ ತಪ್ಪು.

ಹೆಜ್ಜೆ 10: ಒಂದು ತುಣುಕು ಬಿಡಿಸಿ ನೋಡೋಣ

'ಐ ವಾಸ್ ರನ್ನಿಂಗ್ ಲೇಟ್, ಸೋ ಐ ರ‍್ಯಾನ್ ಟು ದ ಬಸ್ ಸ್ಟಾಪ್, ಬಟ್ ದಟ್ ಬಸ್ ಡಸಂಟ್ ರನ್ ಆನ್ ಸಂಡೇಸ್. ಮೈ ಫೋನ್ ಹ್ಯಾಡ್ ರನ್ ಡೌನ್. ದೆನ್ ಐ ರ‍್ಯಾನ್ ಇಂಟು ಎ ಕ್ಲಾಸ್‌ಮೇಟ್ ಹೂ ರನ್ಸ್ ಎ ಬೇಕರಿ.'

ಆರು ರನ್ ಇದೆ, ಕಾಲಲ್ಲಿ ಓಡಿದ್ದು ಒಂದೇ ಸಲ. ಮೊದಲನೇದು ಪಕ್ಕದಲ್ಲಿ 'ಲೇಟ್' ಇರೋದ್ರಿಂದ 'ಆಗು'. ಎರಡನೇದು ಮನುಷ್ಯ, ಜಾಗ, ಮಧ್ಯ 'ಟು', ಇದೇ ಆ ನಿಜವಾದ ಓಟ. ಮೂರನೇದಕ್ಕೆ ಕರ್ತೃ ಬಸ್ಸು, ವಾರದ ಹೆಸರೂ ಇದೆ, ಟೈಮ್‌ಟೇಬಲ್. ನಾಲ್ಕನೇದು ಬ್ಯಾಟರಿ ಮತ್ತು 'ಡೌನ್', 'ಹ್ಯಾಡ್' ಇರೋದ್ರಿಂದ ರ‍್ಯಾನ್ ಅಲ್ಲ ರನ್. ಐದನೇದ್ರಲ್ಲಿ 'ಇಂಟು' ಆದ್ಮೇಲೆ ಮನುಷ್ಯ, ಆದ್ರಿಂದ ಅಚಾನಕ್ ಭೇಟಿ, ಆದರೆ ಕ್ಲಾಸ್‌ಮೇಟ್ ಬದಲು ಕಂಬ ಅಂತಿದ್ದಿದ್ರೆ ಹಣೆ ಊದ್ಕೊಳ್ತಿತ್ತು. ಆರನೇದಕ್ಕೆ ಬೇಕರಿ ಅನ್ನೋ ಕರ್ಮಪದ ಇದೆ, 'ಇಸು' ಹಾಕಿ: ಬೇಕರಿ ನಡೆಸ್ತಾನೆ.

ಇದೇ ಥರ ಇವತ್ತಿನ ಇಂಗ್ಲಿಷ್ ಪೇಪರ್ ತಗೊಂಡು ಒಂದು ಪುಟದಲ್ಲಿರೋ ರನ್‌ಗಳಿಗೆಲ್ಲ ಪೆನ್ಸಿಲಲ್ಲಿ ಗುರುತು ಹಾಕಿ, ಸ್ಪೋರ್ಟ್ಸ್ ಪುಟ ಮಾತ್ರ ಬೇಡ, ಅಲ್ಲಿ ಕ್ರಿಕೆಟ್ ಸ್ಕೋರೇ ತುಂಬಿರತ್ತೆ. ಬಿಸಿನೆಸ್ ಪುಟ ಬೆಸ್ಟು.